ಹೊಲದೊಳಗಿನ ಉದ್ದಿಮೆ, ಹಾದಿಬದಿಯ ಬುಟ್ಟಿ

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಯ ಕೊಯ್ಲು ಬಂದಿತೆಂದರೆ ತೋಟಗಳ ಮಗ್ಗುಲಲ್ಲಿಯೇ ಕಬ್ಬಿಣದ ಕಂಬಗಳ ಮೇಲೆ ಹೊದಿಕೆ ಹೊತ್ತು ನಿಂತ ಉದ್ದನೆಯ ಶೆಡ್ಡುಗಳು ತುಂಬಿಕೊಳ್ಳುತ್ತವೆ. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರವಿ, ಬಿಸಿಲು ನೇರವಾಗಿ ತಾಗದಂತೆ ಗಾಳಿಗೆ ಒಣಗಿಸಿದರೆ ಸುಮಾರು ಎರಡು ವಾರಗಳಲ್ಲಿ ಒಣದ್ರಾಕ್ಷಿ, ಅಂದರೆ ಆ ಸೀಮೆಯವರ ಮನೂಕ, ಸಿದ್ಧವಾಗುತ್ತದೆ. ನಾಲ್ಕು ಕಿಲೋ ಹಣ್ಣು ಒಣಗಿ ಹೆಚ್ಚುಕಡಿಮೆ ಒಂದು ಕಿಲೋ ಆಗುತ್ತದೆ. ಅಲ್ಲಿ ಬಾಯ್ಲರಿಲ್ಲ, ಚಿಮಣಿಯಿಲ್ಲ. ಹಸಿ ಹಣ್ಣಿನ ದರ ಕುಸಿದ ದಿನ ದಲ್ಲಾಳಿ ಹೇಳಿದ ಬೆಲೆಗೆ ಒಪ್ಪಿ ತಲೆಬಾಗದೆ, ಸರಕನ್ನು ತನ್ನ ಕೈಯಲ್ಲಿಯೇ ಉಳಿಸಿಕೊಳ್ಳಲು ಬೆಳೆಗಾರನಿಗೆ ದಾರಿ ಮಾಡಿಕೊಡುವ ವ್ಯವಸ್ಥೆ ಇದು.

ಈ ಶೆಡ್ಡು ಒಕ್ಕಲುತನದ ಭಾಗವೋ, ಕಾರ್ಖಾನೆಯೋ? ಪ್ರಶ್ನೆ ಮೇಲ್ನೋಟಕ್ಕೆ ಪಂಡಿತರ ವಾಗ್ವಾದದಂತೆ ಕಂಡೀತು. ಆದರೆ ಸಾಲ, ವಿದ್ಯುತ್ತು, ಸಹಾಯಧನ, ದಂಡ ಇವೆಲ್ಲ ಇದರ ಉತ್ತರವನ್ನೇ ಅವಲಂಬಿಸಿಕೊಂಡಿವೆ. ಹಳ್ಳಿಯ ಸಣ್ಣ ಉದ್ದಿಮೆಗಳನ್ನು ಕುರಿತ ನಿಯಮಗಳ ದೋಷ ಅವು ಕಠಿಣವಾಗಿರುವುದರಲ್ಲಿಲ್ಲ. ಅಳೆಯಬೇಕಾದುದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿರುವುದರಲ್ಲಿದೆ.

೧೯೬೪ರ ಕರ್ನಾಟಕ ಭೂಕಂದಾಯ ಕಾಯ್ದೆಯ ೯೫ನೆಯ ಕಲಮು ಈ ವಿಷಯದಲ್ಲಿ ಮೂಲಾಧಾರ. ಸಾಗುವಳಿಯ ಜಮೀನಿನಲ್ಲಿ ಬಾವಿ ತೋಡಲು, ಕೆರೆ ಕಟ್ಟಲು, ಒಕ್ಕಲುತನಕ್ಕೆ ಅನುಕೂಲವಾದ ಕಟ್ಟಡಗಳನ್ನು ಎತ್ತಲು ಹಿಡುವಳಿದಾರನಿಗೆ ಆ ಕಲಮಿನ ಮೊದಲ ಭಾಗವೇ ಹಕ್ಕು ಕೊಡುತ್ತದೆ. ಜಮೀನನ್ನು ಅನ್ಯ ಉದ್ದೇಶಕ್ಕೆ ತಿರುಗಿಸುವುದಾದರೆ ಜಿಲ್ಲಾಧಿಕಾರಿಗಳ ಅನುಮತಿಯ ಮಾತನ್ನು ಎರಡನೆಯ ಭಾಗ ಎತ್ತುತ್ತದೆ, ಜನರು ‘ಎನ್.ಎ. ಮಾಡಿಸುವುದು’ ಎನ್ನುವುದು ಇದನ್ನೇ. ದನದ ಕೊಟ್ಟಿಗೆ ಮೊದಲನೆಯದಕ್ಕೆ ಸೇರಿತು, ಸಕ್ಕರೆ ಕಾರ್ಖಾನೆ ಎರಡನೆಯದಕ್ಕೆ ಸೇರಿತು. ಇವೆರಡರ ನಡುವೆ ನಿಂತ ಆಲೆಮನೆ, ಎಣ್ಣೆಯ ಗಾಣ, ಮನೂಕದ ಶೆಡ್ಡು, ಅಡಕೆ ಬೇಯಿಸುವ ಒಲೆ, ಅರಿಸಿನ ಕುದಿಸುವ ಕಡಾಯಿ, ರೊಟ್ಟಿ ಬಡಿಯುವ ಚಪ್ಪರ ಇವು ಯಾವ ಮನೆಯ ಮಕ್ಕಳು ಎಂಬುದನ್ನು ಮೂಲ ಕಲಮು ಬಿಡಿಸಿ ಹೇಳಲಿಲ್ಲ. ಕಲಮು ಹೇಳದೆ ಬಿಟ್ಟುದನ್ನು ಕೆಳಗಿನ ಅಧಿಕಾರಿಗಳು ತಮ್ಮ ತಮ್ಮ ತಿಳಿವಳಿಕೆಗೆ ತಕ್ಕಂತೆ ಹೇಳುತ್ತ ಬಂದರು. ಒಂದು ತಾಲ್ಲೂಕಿನಲ್ಲಿ ಕೊಟ್ಟಿಗೆಯೆನಿಸಿದ್ದು ಪಕ್ಕದ ತಾಲ್ಲೂಕಿನಲ್ಲಿ ಕಾರ್ಖಾನೆಯೆನಿಸಲು ಅಡ್ಡಿಯೇನಿದೆ? ಈ ಕಲಮಿಗೆ ಮೇಲಿಂದ ಮೇಲೆ ತಿದ್ದುಪಡಿಗಳು ಬಂದಿವೆ; ಸಣ್ಣ ಕೈಗಾರಿಕೆಗಳ ಮಟ್ಟಿಗೆ ಇದನ್ನು ಸಡಿಲಿಸುವ ಪ್ರಯತ್ನಗಳೂ ಈಚೆಗೆ ನಡೆದಿವೆ. ಆದರೆ ಸಡಿಲಿಕೆ ಬೇರೆ, ಸ್ಪಷ್ಟತೆ ಬೇರೆ. ಸಡಿಲಿಕೆಯ ಲಾಭವನ್ನು ಕಾಗದಪತ್ರ ಬಲ್ಲವನು ಮೊದಲು ಪಡೆಯುತ್ತಾನೆ. ಸ್ಪಷ್ಟತೆಯ ಲಾಭ ಎಲ್ಲರಿಗೂ ಒಂದೇ ದಿನ ಸಿಗುತ್ತದೆ.

ತೆರಿಗೆ ಹಾಕುವ ಕಾನೂನು ಈ ತೊಡಕನ್ನು ಎಂದೋ ಬಿಡಿಸಿಕೊಂಡಿತೆಂಬುದು ಕೌತುಕದ ಸಂಗತಿ. ೧೯೬೧ರ ಆದಾಯ ತೆರಿಗೆ ಕಾಯ್ದೆ ಕೃಷಿ ಆದಾಯವನ್ನು ವಿವರಿಸುವಾಗ, ಬೆಳೆದುದನ್ನು ಪೇಟೆಗೆ ಒಯ್ಯಲು ಯೋಗ್ಯವಾಗಿಸುವುದಕ್ಕೆ ಬೆಳೆಗಾರನು ವಾಡಿಕೆಯಾಗಿ ನಡೆಸುವ ಸಂಸ್ಕರಣವನ್ನೂ ಒಕ್ಕಲುತನದ ಒಳಗೇ ಎಣಿಸಿತು. ಜಮೀನಿಗೆ ಹೊಂದಿಕೊಂಡ ಉಗ್ರಾಣ, ಹೊರಮನೆಗಳನ್ನೂ ಅದು ಮರೆಯಲಿಲ್ಲ. ತೆರಿಗೆಯ ಲೆಕ್ಕದಲ್ಲಿ ಒಪ್ಪಿತವಾದ ತತ್ವ ಜಮೀನಿನ ಲೆಕ್ಕದಲ್ಲಿ ಏಕೆ ಒಪ್ಪಿತವಾಗಬಾರದು ಎಂಬ ಪ್ರಶ್ನೆಗೆ ಸಮಾಧಾನಕರವಾದ ಉತ್ತರ ದೊರೆಯುವುದಿಲ್ಲ.

ಕಲಮಿನ ಮಾತು ಕಾಗದದ ಮೇಲಿರುವಷ್ಟು ಕಾಲ ಯಾರಿಗೂ ತೊಂದರೆಯಿಲ್ಲ. ಅದು ಚುಚ್ಚುವುದು ವಿದ್ಯುತ್ ಕಂಬದ ಬಳಿ ಮತ್ತು ಬ್ಯಾಂಕಿನ ಬಾಗಿಲಲ್ಲಿ. ರಾಜ್ಯದಲ್ಲಿ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದೇ ತಂತಿಯಿಂದ ಗಾಣದ ಮೋಟಾರನ್ನು ತಿರುಗಿಸುವಂತಿಲ್ಲ. ಇದು ನ್ಯಾಯವೇ ಸರಿ. ಬೇರೆ ಸಂಪರ್ಕ ಕೇಳಲು ಹೋದರೆ ಪಂಚಾಯಿತಿಯ ಪರವಾನಗಿ ಬೇಕು, ಪರವಾನಗಿ ಕೇಳಲು ಹೋದರೆ ಜಮೀನಿನ ಪರಿವರ್ತನೆಯ ಆದೇಶ ಬೇಕು, ಆ ಆದೇಶಕ್ಕೆ ನಕ್ಷೆ, ಶುಲ್ಕ, ಹಲವಾರು ಸಲದ ಅಲೆದಾಟ ಬೇಕು. ೨೦೨೦ರಲ್ಲಿ ಕೇಂದ್ರ ಸರಕಾರ ಕಿರು ಆಹಾರ ಸಂಸ್ಕರಣ ಘಟಕಗಳಿಗೆಂದು ಹೊಸ ಯೋಜನೆಯೊಂದನ್ನು ತಂದು, ವೆಚ್ಚದ ಶೇಕಡಾ ೩೫ರಷ್ಟನ್ನು, ಗರಿಷ್ಠ ಹತ್ತು ಲಕ್ಷ ರೂಪಾಯಿಗಳವರೆಗೆ, ಸಾಲಕ್ಕೆ ಜೋಡಿಸಿ ಸಹಾಯಧನವಾಗಿ ಕೊಡಲು ಹೊರಟಿತು. ಕರ್ನಾಟಕ ಸರಕಾರ ಅದರ ಮೇಲೆ ಶೇಕಡಾ ೧೫ನ್ನು ಕೂಡಿಸಿತು. ಉದಾರವಾದ ಯೋಜನೆ. ಹೀಗೆ ಸರಕಾರದ ಒಂದು ಕೈ ಅರ್ಧ ವೆಚ್ಚವನ್ನು ಕೊಡಲು ಮುಂದಾಗಿರುವಾಗ ಇನ್ನೊಂದು ಕೈ ಬಾಗಿಲ ಅಗುಳಿಯನ್ನು ಹಿಡಿದು ನಿಂತರೆ, ಬಾಗಿಲ ಹೊರಗೆ ಉಳಿಯುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತಾರದಲ್ಲಿ ತನ್ನ ಹೆಸರೇ ಇಲ್ಲದ, ಗಂಡನ ಇಲ್ಲವೆ ಮಾವನ ಜಮೀನಿನ ಮೂಲೆಯಲ್ಲಿ ಜೋಳದ ರೊಟ್ಟಿ ಬಡಿದು ಪೇಟೆಗೆ ಕಳಿಸುವ ಹೆಣ್ಣುಮಗಳು ಆ ಸಾಲಿನ ತುದಿಯಲ್ಲಿ ನಿಂತಿರುತ್ತಾಳೆ.

ಹಾಗೆಂದು ಪರಿವರ್ತನೆಯ ನಿಯಮವನ್ನೇ ಕಿತ್ತೆಸೆಯಬೇಕೆಂದು ವಾದಿಸುವವರೊಡನೆ ದನಿಗೂಡಿಸುವುದು ವಿವೇಕವಲ್ಲ. ನಿಯಮ ಹುಟ್ಟಿದುದಕ್ಕೆ ಕಾರಣವುಂಟು. ಊರ ಸುತ್ತಲಿನ ಕಪ್ಪು ನೆಲ ಲೇಔಟುಗಳ ಪಾಲಾಗುವುದನ್ನು, ತೋಟದ ಮನೆಯ ಹೆಸರಿನಲ್ಲಿ ರೆಸಾರ್ಟುಗಳು ಏಳುವುದನ್ನು, ಗೋದಾಮೆಂದು ಕಟ್ಟಿದುದರೊಳಗೆ ರಾಸಾಯನಿಕಗಳ ಪೀಪಾಯಿಗಳು ಬಂದು ಕೂಡುವುದನ್ನು ಯಾರೂ ಕಾಣದವರಲ್ಲ. ಸಣ್ಣವನಿಗೆಂದು ತೆರೆದ ಬಾಗಿಲಿನಲ್ಲಿ ಮೊದಲು ನುಗ್ಗುವವನು ದೊಡ್ಡವನೇ ಎಂಬ ಭಯ ಕಂದಾಯ ಇಲಾಖೆಗಿದ್ದರೆ ಅದು ನಿರಾಧಾರವಲ್ಲ. ‘ಸಣ್ಣ’ ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವನ್ನು ನೋಡಿದರೆ ಈ ಭಯ ಇನ್ನೂ ಹೆಚ್ಚುತ್ತದೆ. ೨೦೨೫ರ ಏಪ್ರಿಲ್ ೧ರಿಂದ ಜಾರಿಗೆ ಬಂದ ವ್ಯಾಖ್ಯೆಯಂತೆ ಯಂತ್ರೋಪಕರಣಗಳಲ್ಲಿ ಎರಡೂವರೆ ಕೋಟಿ ರೂಪಾಯಿಗಳವರೆಗೆ ಬಂಡವಾಳ ಹೂಡಿ ವರುಷಕ್ಕೆ ಹತ್ತು ಕೋಟಿಯವರೆಗೆ ವಹಿವಾಟು ಮಾಡುವ ಘಟಕವೂ ‘ಸೂಕ್ಷ್ಮ’ ಉದ್ದಿಮೆಯೇ. ನಾಲ್ಕು ಹಂಚು, ಎರಡು ಒಲೆಗಳ ರೊಟ್ಟಿಯ ಚಪ್ಪರವೂ ಅದೇ ‘ಸೂಕ್ಷ್ಮ’. ಆನೆಗೂ ಇರುವೆಗೂ ಒಂದೇ ಅಂಗಿ ಹೊಲಿದಂತಾಯಿತು. ಸಾಲದ ನೀತಿಗೆ ಈ ವ್ಯಾಖ್ಯೆ ಹೊಂದಬಹುದು, ಜಮೀನಿನ ನೀತಿಗೆ ಹೊಂದುವುದಿಲ್ಲ.

ಹೊಂದುವ ಅಳತೆ ಇನ್ನೊಂದು ಇಲಾಖೆಯಲ್ಲಿಯೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೧೬ರಲ್ಲಿ ಉದ್ದಿಮೆಗಳನ್ನು ಅವು ಮಾಡುವ ಕೆಡುಕಿನ ಪ್ರಮಾಣಕ್ಕೆ ತಕ್ಕಂತೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿ, ಬಿಳಿಯ ವರ್ಗದವರು ಮಂಡಳಿಗೆ ತಿಳಿಸಿದರೆ ಸಾಕು, ಅನುಮತಿಗೆ ಕಾಯಬೇಕಿಲ್ಲ ಎಂದಿತು. ಏನು ಮಾಡುತ್ತಾನೆಂಬ ಹೆಸರಿಗಿಂತ ಎಷ್ಟು ಹೊಗೆ, ಎಷ್ಟು ಕೊಳಚೆ, ಎಷ್ಟು ಸದ್ದು ಎಂಬುದು ಮುಖ್ಯವೆಂಬ ಈ ದೃಷ್ಟಿ ಸರಿಯಾದುದು. ಜಮೀನಿನ ವಿಷಯದಲ್ಲಿಯೂ ಇಷ್ಟೇ ಬೇಕಾಗಿರುವುದು: ಶೆಡ್ಡಿನ ನೆಲದ ವಿಸ್ತಾರ ಇಂತಿಷ್ಟನ್ನು ಮೀರದೆ, ಮೋಟಾರಿನ ಶಕ್ತಿ ಇಂತಿಷ್ಟರೊಳಗಿದ್ದು, ಸಂಸ್ಕರಿಸುವ ಸರಕಿನ ಹೆಚ್ಚಿನ ಪಾಲು ಆ ಹೊಲದ್ದೋ ಆ ಊರಿನದ್ದೋ ಆಗಿದ್ದರೆ ಅದು ಒಕ್ಕಲುತನದ ಕಟ್ಟಡವೇ ಎಂದು ನಿಯಮದಲ್ಲಿ ಒಂದು ಸಾಲು. ಮಿತಿ ಮೀರಿದ ದಿನ ಅದು ಕಾರ್ಖಾನೆ. ಕೊನೆಯ ಶರತ್ತು ಎಲ್ಲಕ್ಕಿಂತ ಮುಖ್ಯ. ಹೊರಗಿನಿಂದ ಲಾರಿಗಟ್ಟಲೆ ಸರಕು ತರಿಸಿ ಒಣಗಿಸುವವನು ವ್ಯಾಪಾರಿ. ಅವನಿಗೆ ಬೆಳೆಗಾರನ ರಿಯಾಯಿತಿ ಸಲ್ಲದು. ಆಲೆಮನೆಯನ್ನೂ ಕಣ್ಣು ಮುಚ್ಚಿ ಬಿಳಿಯ ಪಂಕ್ತಿಯಲ್ಲಿ ಕೂಡಿಸುವಂತಿಲ್ಲ. ಕಬ್ಬಿನ ಸಿಪ್ಪೆ ಉರಿಸುವ ಒಲೆಯ ಹೊಗೆ ಒಂದು ತೂಕ, ಹಳೆಯ ಟಯರು ಉರಿಸುವ ಒಲೆಯದು ಇನ್ನೊಂದು.

ಈ ಅಳತೆಯನ್ನು ಹಿಡಿಯಬೇಕಾದವರು ಯಾರು? ಸಂವಿಧಾನದ ೭೩ನೆಯ ತಿದ್ದುಪಡಿ ಸೇರಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ ೨೯ ವಿಷಯಗಳಿವೆ. ಆಹಾರ ಸಂಸ್ಕರಣವೂ ಸೇರಿದ ಸಣ್ಣ ಕೈಗಾರಿಕೆ, ಖಾದಿ ಮತ್ತು ಗ್ರಾಮೋದ್ಯೋಗ, ಸಂತೆ ಜಾತ್ರೆಗಳು ಅವುಗಳಲ್ಲಿ ಸೇರಿವೆ. ೧೯೯೩ರ ರಾಜ್ಯ ಕಾಯ್ದೆ ಕಾರ್ಖಾನೆ ಕಟ್ಟಲು, ಯಂತ್ರ ಕೂಡಿಸಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕೆಂದಿದೆ. ಅಧಿಕಾರ ಕಾಗದದ ಮೇಲೆ ಹಳ್ಳಿಗೆ ಬಂದಿದೆ, ಆದರೆ ತೀರ್ಮಾನದ ಬೀಗದಕೈ ಜಿಲ್ಲಾ ಕೇಂದ್ರದಲ್ಲಿ ಉಳಿದಿದೆ. ಗಾಣದ ಸದ್ದು ಯಾರ ನಿದ್ದೆ ಕೆಡಿಸುತ್ತದೆಂಬುದನ್ನು ತಿಳಿಯಲು ಐವತ್ತು ಮೈಲಿ ಆಚೆಯ ಕಛೇರಿಗಿಂತ ಪಕ್ಕದ ಮನೆಯೇ ಹೆಚ್ಚು ಸಮರ್ಥ. ಪಂಚಾಯಿತಿಗಳಲ್ಲಿ ಪಕ್ಷಪಾತವಿಲ್ಲವೇ ಎಂದು ಕೇಳುವವರು ಕೇಳಬಹುದು. ಇದೆ. ಆದರೆ ಆ ಪಕ್ಷಪಾತ ಎಲ್ಲರ ಕಣ್ಣೆದುರು ನಡೆಯುತ್ತದೆ; ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಅವಕಾಶವಿದೆ.

ಇನ್ನು ಹಾದಿಬದಿಯ ಅಂಗಡಿ. ಹೊಲದೊಳಗಿನ ಉದ್ದಿಮೆಗೆ ಹೋಲಿಸಿದರೆ ಇದರ ಸ್ಥಿತಿ ಇನ್ನೂ ಶೋಚನೀಯ, ಪ್ರಶ್ನೆಯೂ ಇನ್ನೂ ಜಟಿಲ. ಪೇರಲ, ಸೀತಾಫಲ, ಎಳನೀರು, ಮಾವು, ಹಸಿ ಕಡಲೆ ಎಂದು ಋತುವಿಗೆ ತಕ್ಕಂತೆ ಬುಟ್ಟಿ ಹೊತ್ತು ಬಂದು ರಸ್ತೆಯ ಅಂಚಿನಲ್ಲಿ ಕುಳಿತುಕೊಳ್ಳುವವರು ದಲ್ಲಾಳಿಯಿಲ್ಲದೆ ಬೆಳೆ ಮಾರುವ ಅತ್ಯಂತ ಹಳೆಯ ಪದ್ಧತಿಯನ್ನು ಉಳಿಸಿಕೊಂಡವರು. ಅದೇ ರಸ್ತೆಯ ಅಂಚಿನಲ್ಲಿ ಗಂಟೆಗೆ ನೂರು ಕಿಲೋಮೀಟರು ವೇಗದ ವಾಹನ ಒಮ್ಮೆಗೇ ನಿಂತರೆ ಹಿಂದಿನಿಂದ ಬರುವವನ ಗತಿಯೇನು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಹಾಕಿಕೊಟ್ಟ ಕ್ರಮದಂತೆ ಬಯಲು ಪ್ರದೇಶದ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ನಡುಗೆರೆಯಿಂದ ೪೦ ಮೀಟರಿನವರೆಗೆ ಕಟ್ಟಡವಿರಬಾರದು, ೭೫ ಮೀಟರಿನವರೆಗೆ ಇರುವುದು ನಿಯಂತ್ರಣಕ್ಕೆ ಒಳಪಡಬೇಕು. ರಸ್ತೆಯ ಉದ್ದಕ್ಕೂ ಪೇಟೆ ಹಬ್ಬಿಕೊಂಡು ಹೆದ್ದಾರಿಯೇ ಬೀದಿಯಾಗಿಬಿಡುವುದನ್ನು ತಡೆಯುವುದು ಇದರ ಉದ್ದೇಶ. ಉದ್ದೇಶ ಸಾಧುವಾದುದು. ಜೀವಕ್ಕಿಂತ ಪೇರಲ ಹಣ್ಣು ದೊಡ್ಡದಲ್ಲ.

ಆದರೆ ಕುಳಿತುಕೊಳ್ಳಬಾರದೆಂದು ಹೇಳಿದ ಕಾನೂನು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಹೇಳದೆ ಹೋದುದು ಅನ್ಯಾಯ. ೨೦೦೨ರ ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆ ಸಾಮಾನ್ಯ ಅತಿಕ್ರಮಣಕ್ಕೆ ನೋಟೀಸು ಕೊಡುವ ಕ್ರಮವನ್ನಿಟ್ಟು, ಬಯಲಿನಲ್ಲಿಯೋ ತಾತ್ಕಾಲಿಕ ಅಂಗಡಿಯಲ್ಲಿಯೋ ಮಾರಾಟಕ್ಕಿಟ್ಟ ಸರಕನ್ನು ಮಾತ್ರ ನೋಟೀಸಿಲ್ಲದೆಯೇ ತೆರವು ಮಾಡಬಹುದೆಂದಿದೆ. ಪಟ್ಟಣದ ಬೀದಿ ವ್ಯಾಪಾರಿಯ ಅದೃಷ್ಟ ಇದಕ್ಕಿಂತ ಉತ್ತಮ. ಅವನಿಗಾಗಿ ೨೦೧೪ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ತೆರವಿಗೆ ೩೦ ದಿನಗಳ ಮುನ್ಸೂಚನೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ ೪೦ರಷ್ಟು ಸ್ಥಾನ, ಅದರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ. ಆ ಕಾಯ್ದೆ ಊರಿನ ಅಗಸೆಯನ್ನು ದಾಟಿ ಹಳ್ಳಿಗೆ ಬರಲಿಲ್ಲ. ನಗರಸಭೆಯ ಗಡಿಯೊಳಗೆ ಕುಳಿತವಳಿಗೆ ಹಕ್ಕು, ಗಡಿಗಲ್ಲಿನ ಆಚೆ ಅದೇ ಹಣ್ಣು ಇಟ್ಟುಕೊಂಡು ಕುಳಿತವಳಿಗೆ ಪೊಲೀಸರ ದಯೆ.

ಬೆಂಗಳೂರು ಮೈಸೂರು ಹೆದ್ದಾರಿಯ ಕಥೆ ಇಲ್ಲಿ ಸ್ಮರಣೀಯ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಗೊಂಡ ಹೊಸ ಮಾರ್ಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿರಿಸಿ ಸಾಗಿತು. ಪ್ರಯಾಣದ ಹೊತ್ತು ಅರ್ಧಕ್ಕಿಳಿಯಿತೆಂದು ಹರ್ಷಿಸಿದವರಿದ್ದರು. ಚನ್ನಪಟ್ಟಣದ ಗೊಂಬೆಯ ಅಂಗಡಿಗಳ, ಮದ್ದೂರಿನ ವಡೆಯ ಹೋಟೆಲುಗಳ, ಎಳನೀರಿನವರ ವ್ಯಾಪಾರ ಕುಗ್ಗಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತು. ಹಾದುಹೋಗುವ ಜನವನ್ನೇ ನಂಬಿದ್ದ ಉದ್ದಿಮೆಗಳಿಗೆ ಆ ಜನ ಹಾದುಹೋಗುವುದೇ ನಿಂತಿತು. ರಸ್ತೆಯನ್ನು ನಿಲ್ಲಿಸಬೇಕಿತ್ತೆಂದು ಯಾರೂ ಹೇಳುವುದಿಲ್ಲ. ಆದರೆ ಅಷ್ಟು ಉದ್ದದ ರಸ್ತೆಯ ನಕ್ಷೆ ಬರೆಯುವಾಗ ಸೇತುವೆ, ಸುಂಕದ ಕಟ್ಟೆಗಳಿಗೆ ಗುರುತು ಹಾಕಿದ ಪೆನ್ಸಿಲ್ಲು ಗೊಂಬೆಯವನಿಗೆ, ಹಣ್ಣಿನವಳಿಗೆ ಒಂದು ಗುರುತು ಹಾಕಿದ್ದರೆ ವೆಚ್ಚದ ಲೆಕ್ಕದಲ್ಲಿ ಅದು ಕಾಣಿಸುತ್ತಲೂ ಇರಲಿಲ್ಲ. ಹೆದ್ದಾರಿ ಪ್ರಾಧಿಕಾರ ಆಮೇಲೆ ದಾರಿಬದಿಯ ಸೌಕರ್ಯ ಕೇಂದ್ರಗಳ ಯೋಜನೆಯಲ್ಲಿ ಪೆಟ್ರೋಲು ಬಂಕು, ಭೋಜನಾಲಯಗಳ ಜೊತೆಗೆ ಗ್ರಾಮೀಣ ಸಂತೆಗೂ ಸ್ಥಳದ ಮಾತನಾಡಿತು. ಮಾತು ಒಳ್ಳೆಯದೇ. ಆದರೆ ಇಡೀ ಕೇಂದ್ರವನ್ನು ಗುತ್ತಿಗೆ ಹಿಡಿದ ಕಂಪನಿಯಿಂದ ಒಂದು ಕಟ್ಟೆಯನ್ನು ಬಾಡಿಗೆ ಹಿಡಿಯುವ ಶಕ್ತಿ ದಿನಕ್ಕೆ ಎರಡು ಬುಟ್ಟಿ ಮಾರುವವಳಿಗೆ ಎಲ್ಲಿಂದ ಬರಬೇಕು?

ದಾರಿ ಕಾಯ್ದೆಯಲ್ಲಿಯೇ ಇದೆ. ಹೆದ್ದಾರಿಯ ಭೂಮಿಯನ್ನು ತಾತ್ಕಾಲಿಕ ಉಪಯೋಗಕ್ಕೆ ಪರವಾನಗಿಯ ಮೇಲೆ ಕೊಡಲು ೨೦೦೨ರ ಆ ಕಾಯ್ದೆಯೇ ಅವಕಾಶವಿಟ್ಟಿದೆ. ಮುಖ್ಯ ಪಥದಿಂದ ದೂರವಾಗಿ, ಸೇವಾ ರಸ್ತೆಗೆ ಹೊಂದಿಕೊಂಡು, ವಾಹನ ಒಳಹೊಕ್ಕು ನಿಲ್ಲುವಷ್ಟು ಜಾಗದ ಕಟ್ಟೆಯನ್ನು ಕೆಲವು ಹಳ್ಳಿಗಳಿಗೊಂದರಂತೆ ಕಟ್ಟಿ, ಅದರ ಪರವಾನಗಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು, ಅಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಆ ಊರುಗಳ ಬೆಳೆಗಾರರಿಗೆ ಮಾತ್ರ ಮೀಸಲಿಡುವುದು ಅಸಾಧ್ಯವಾದ ಕಾರ್ಯವಲ್ಲ. ತಮಿಳುನಾಡು ೧೯೯೯ರಲ್ಲಿ ಉಳವರ್ ಸಂದೈಗಳನ್ನೂ, ಅದೇ ವರುಷ ಆಂಧ್ರಪ್ರದೇಶ ರೈತು ಬಜಾರುಗಳನ್ನೂ ಇದೇ ತತ್ವದ ಮೇಲೆ ತೆರೆದವು. ಕರ್ನಾಟಕದಲ್ಲಿ ಡಾ. ಎಂ. ಎಚ್. ಮರಿಗೌಡರು ೧೯೫೯ರಲ್ಲಿಯೇ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘಕ್ಕೆ ಬೀಜ ಹಾಕಿದರು. ಮುಂದೆ ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಬೀದಿಬೀದಿಗಳಲ್ಲಿ ಹಣ್ಣಿನ ಮಳಿಗೆಗಳನ್ನು ತೆರೆದುದು ಆ ಸಂಘವೇ. ನಗರದ ತಿರುವಿನಲ್ಲಿ ಸಾಧ್ಯವಾದುದು ಹೆದ್ದಾರಿಯ ತಿರುವಿನಲ್ಲಿ ಸಾಧ್ಯವಾಗದೆಂದು ಹೇಳಲು ಕಾರಣವಿಲ್ಲ.

ಈ ಸಂಪುಟವನ್ನು ಕೈಯಲ್ಲಿ ಹಿಡಿಯುವ ಹಳೆಯ ವಿದ್ಯಾರ್ಥಿಗಳಲ್ಲಿ ತಹಶೀಲ್ದಾರರಾದವರು, ರಸ್ತೆಯ ಇಂಜಿನಿಯರರಾದವರು, ಬ್ಯಾಂಕಿನ ವ್ಯವಸ್ಥಾಪಕರಾದವರು, ಪಂಚಾಯಿತಿಯ ಅಧ್ಯಕ್ಷರಾದವರು ಇರದಿರಲಾರರು. ಕಾಯ್ದೆಯನ್ನು ತಿದ್ದುವುದು ಶಾಸನಸಭೆಯ ಕೆಲಸವಾದರೂ ೯೫ನೆಯ ಕಲಮಿನ ಮೊದಲ ಭಾಗವನ್ನು ಎರಡನೆಯ ಭಾಗದಷ್ಟೇ ಗಮನವಿಟ್ಟು ಓದುವುದಕ್ಕೆ ತಿದ್ದುಪಡಿಯ ಅಗತ್ಯವಿಲ್ಲ. ಮೇಷ್ಟ್ರುಗಳಿಗೂ ಇಲ್ಲಿ ಕೆಲಸವಿದೆ. ಅರ್ಜಿ ಬರೆಯಲಾರದವರ ಅರ್ಜಿಗಳನ್ನು ಹಳ್ಳಿಯ ಶಾಲೆಯ ಜಗಲಿಯ ಮೇಲೆ ಬರೆದುಕೊಡುವ ವಾಡಿಕೆ ಹಿಂದೆ ಇತ್ತು. ಈಗ ಅರ್ಜಿಗಳು ಕಂಪ್ಯೂಟರಿನೊಳಗೆ ಸೇರಿವೆ. ೨೦೨೦ರ ಜುಲೈಯಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿಗಳೊಳಗಿನ ವಹಿವಾಟಿನ ತಿಂಡಿ ತಯಾರಕರಿಗೆ ಆಹಾರ ಸುರಕ್ಷತಾ ಕಾನೂನು ವಿಧಿಸಿದ್ದು ದೊಡ್ಡ ಪರವಾನಗಿಯನ್ನಲ್ಲ, ಕೇವಲ ವರ್ಷಕ್ಕೆ ನೂರು ರೂಪಾಯಿಗಳ ನೋಂದಣಿಯನ್ನು. ಇದನ್ನು ತಿಳಿಯದೆ ಮಧ್ಯಸ್ಥರಿಗೆ ಸಾವಿರಗಟ್ಟಲೆ ತೆರುವವರು ಹಳ್ಳಿಹಳ್ಳಿಯಲ್ಲಿದ್ದಾರೆ. ಶನಿವಾರದ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಂದು ತಾಸು, ಶಾಲೆಯ ಒಂದು ಯಂತ್ರ ಮತ್ತು ಅದನ್ನು ಬಲ್ಲ ಇಬ್ಬರು ಮೇಲಿನ ತರಗತಿಯ ಹುಡುಗಿಯರು ಇದ್ದರೆ ಈ ಕೆಲಸಕ್ಕೆ ಸಾಕು.