ವರದಿಯಲ್ಲಿ ನೀರು ಶುದ್ಧ, ಬಾವಿಯಲ್ಲೂ ಶುದ್ಧವೇ?

ಕಾಸರಗೋಡು: ಅಮೀಬಿಕ್ ಮೆದುಳು ಜ್ವರದ ಭೀತಿಯ ಹಿನ್ನೆಲೆಯಲ್ಲಿ 2025ರ ಆಗಸ್ಟ್ ಕೊನೆಯಲ್ಲಿ ಕೇರಳದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆಯಿತು. ಹೆಚ್ಚಿನ ಮನೆಗಳು ಬಾವಿಯನ್ನೇ ನಂಬಿರುವ ಇಲ್ಲಿ ಇದು ಅಗತ್ಯದ ಕೆಲಸವೇ. ಆದರೆ ಬ್ಲೀಚಿಂಗ್ ಪೌಡರ್ ಹಾಕಿದ ನೀರನ್ನು ಪರೀಕ್ಷೆಗೆ ಒಯ್ಯುವಾಗ ಪಾಲಿಸಬೇಕಾದ ಸಣ್ಣ ಕ್ರಮವೊಂದರ ಕಡೆಗೆ ಗಮನ ಹರಿಯುವುದು ಕಡಿಮೆ.

ನೀರು ಬಾಟಲಿಗೆ ಬಂದ ಮಾತ್ರಕ್ಕೆ ಕ್ಲೋರಿನ್ ಸುಮ್ಮನಿರುವುದಿಲ್ಲ. ಪ್ರಯೋಗಾಲಯ ತಲುಪುವವರೆಗೂ ಅದು ರೋಗಾಣುಗಳನ್ನು ಕೊಲ್ಲುತ್ತಲೇ ಇರುತ್ತದೆ. ತುಂಬಿಸುವಾಗ ಜೀವಂತವಿದ್ದ ಇ-ಕೋಲಿ ಬ್ಯಾಕ್ಟೀರಿಯಾ ಪರೀಕ್ಷೆಯ ಹೊತ್ತಿಗೆ ಸತ್ತಿರಬಹುದು. ಆಗ ವರದಿ 'ಶುದ್ಧ' ಎನ್ನುತ್ತದೆ. ವರದಿ ಸುಳ್ಳಲ್ಲ. ಆದರೆ ಅದು ಬಾಟಲಿಯ ನೀರಿನ ಮಾತು, ಮನೆಯವರು ಅದೇ ಕ್ಷಣ ಕುಡಿದ ನೀರಿನದ್ದಲ್ಲ.

ಇದಕ್ಕೆ ಪರಿಹಾರ ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ 'ಹೈಪೋ' ಎಂದು ಬಳಕೆಯಲ್ಲಿದ್ದುದು ಇದೇ. 120 ಮಿಲಿ ಲೀಟರ್ ಬಾಟಲಿಗೆ ಶೇ. 3ರ ದ್ರಾವಣ 0.1 ಮಿಲಿ ಲೀಟರ್ ಹಾಕಿದರೆ, ಲೀಟರಿಗೆ 5 ಮಿಲಿಗ್ರಾಂವರೆಗಿನ ಕ್ಲೋರಿನ್ ನಿಷ್ಕ್ರಿಯವಾಗುತ್ತದೆ. ಪ್ರಯೋಗಾಲಯದಿಂದ ಕೊಡುವ ಕ್ರಿಮಿರಹಿತ ಬಾಟಲಿಯಲ್ಲಿ ಇದನ್ನು ಮೊದಲೇ ಹಾಕಿರುತ್ತಾರೆ. ಶುಚಿಯ ಅಭ್ಯಾಸದಿಂದ ಆ ಬಾಟಲಿಯನ್ನು ತೊಳೆದರೆ ಔಷಧಿಯೇ ಹರಿದುಹೋಗುತ್ತದೆ. ತಂಪು ಪಾನೀಯದ ಖಾಲಿ ಬಾಟಲಿಯಂತೂ ಇದಕ್ಕೆ ಸಲ್ಲದು.

ಇನ್ನೊಂದು ಎಚ್ಚರವೂ ಬೇಕು. ಈ ಬಾಟಲಿಯ ನೀರಿನಲ್ಲಿ ಕ್ಲೋರಿನ್ ಅಳೆದರೆ ಸೊನ್ನೆಯೇ ಬರುತ್ತದೆ. ಆದ್ದರಿಂದ ಉಳಿಕೆ ಕ್ಲೋರಿನ್ ಎಷ್ಟಿದೆ ಎಂಬುದನ್ನು ಸ್ಥಳದಲ್ಲಿಯೇ ಬೇರೆ ಮಾದರಿಯಲ್ಲಿ ಅಳೆದು ಚೀಟಿಯಲ್ಲಿ ಬರೆಯಬೇಕು. ಬಳಿಕ ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗನೆ ತಲುಪಿಸಬೇಕು. 24 ಗಂಟೆ ಮೀರಬಾರದು.

ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿ ಲೀಟರ್ ಕುಡಿಯುವ ನೀರಿನಲ್ಲಿ ಇ-ಕೋಲಿ ಇರಲೇಬಾರದು. ಇಷ್ಟು ಕಟ್ಟುನಿಟ್ಟಿನ ನಿಯಮ ಇರುವಾಗ ಮಾದರಿ ತೆಗೆಯುವ ಕೈಯೂ ಅಷ್ಟೇ ಕಟ್ಟುನಿಟ್ಟಾಗಿರಬೇಡವೇ? ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನವೇ ತೆಗೆದ ಮಾದರಿ ಬಾವಿಯ ನಿಜಸ್ಥಿತಿ ಹೇಳದು. ಕ್ಲೋರಿನ್ ಪೂರ್ತಿ ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರೆ ಮಾತ್ರ, ಪಕ್ಕದ ಶೌಚಗುಂಡಿಯ ನೀರು ಬಾವಿಗೆ ಇಳಿಯುತ್ತಿದೆಯೇ ಎಂಬ ಸಂಶಯಕ್ಕೆ ಉತ್ತರ ಸಿಕ್ಕೀತು.

ವರದಿ ಕೈಗೆ ಬಂದಾಗ ನಾಗರಿಕರು ಕೇಳಬೇಕಾದ ಪ್ರಶ್ನೆ ಎರಡೇ: ಬಾಟಲಿಯಲ್ಲಿ ಥಯೋಸಲ್ಫೇಟ್ ಇತ್ತೇ? ತುಂಬಿಸುವಾಗ ಕ್ಲೋರಿನ್ ಎಷ್ಟಿತ್ತು? ಇವೆರಡಕ್ಕೂ ಉತ್ತರವಿಲ್ಲದ 'ಶುದ್ಧ' ವರದಿಯನ್ನು ನಂಬಿ ನೀರು ಕುದಿಸುವುದನ್ನು ನಿಲ್ಲಿಸುವುದು ಜಾಣತನವಲ್ಲ.