ಸಮಾಜಕಾರ್ಯದ ಪಾಠದಲ್ಲಿ ಸಿದ್ದಿಗಳೆಲ್ಲಿ?

ಎಂ.ಎಸ್.ಡಬ್ಲ್ಯು. ಓದುತ್ತಿರುವ ನಮ್ಮ ಪಕ್ಕದ ಮನೆ ಹುಡುಗಿ ಮೊನ್ನೆ, "ವರ್ಣಭೇದದ ಪಾಠ ಬರೀ ಅಮೆರಿಕದ್ದು ಅಂಕಲ್, ನಮಗದು ಪರೀಕ್ಷೆಗಷ್ಟೇ" ಅಂದಳು. ಸೂರತ್‌ಗೆ ಬಂದು ಎಷ್ಟೋ ವರ್ಷವಾದರೂ ಯಲ್ಲಾಪುರದ ಕಡೆಯವನಾದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

ಪಾಠ ಅಮೆರಿಕದ್ದಾಗಲು ಕಾರಣವಿದೆ. 1936ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಈಗ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆಯ ಮೊದಲ ನಿರ್ದೇಶಕರು ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಕಲಿಸುವ ಕ್ರಮವೂ ಬಹುಪಾಲು ಅಲ್ಲಿಯದೇ. ಇರಲಿ, ತಪ್ಪೇನಿಲ್ಲ. ಆದರೆ ಆಫ್ರಿಕಾ ಮೂಲದ ಸಿದ್ದಿಗಳು ನೂರಾರು ವರ್ಷಗಳಿಂದ ನಮ್ಮ ನಡುವೆಯೇ ಇದ್ದಾರಲ್ಲ! ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಕನ್ನಡ, ಕೊಂಕಣಿ ಆಡುತ್ತಾರೆ. ಇಲ್ಲಿ ಗಿರ್ ಕಾಡಿನ ಪಕ್ಕದ ಜಂಬೂರಿನಲ್ಲಿ ಗುಜರಾತಿ. ಅಹಮದಾಬಾದಿನ ಗುರುತೇ ಆಗಿರುವ ಕಲ್ಲಿನ ಜಾಲಿಯ ಮಸೀದಿ ಕಟ್ಟಿಸಿದವನೂ ಒಬ್ಬ ಸಿದ್ದಿ.

ಹಿಂದೆ ನಾನಿದ್ದ ಒಂದು ಶಾಖೆಗೆ ಸಿದ್ದಿ ಯುವಕನೊಬ್ಬ ಖಾತೆ ತೆರೆಯಲು ಬಂದಿದ್ದ. ಅಚ್ಚ ಕಾಠಿಯಾವಾಡಿ ಗುಜರಾತಿ ಮಾತಾಡುತ್ತಿದ್ದ, ಮತದಾರರ ಚೀಟಿ ಕೈಯಲ್ಲೇ ಇತ್ತು. ಆದರೂ ಕೌಂಟರಿನವರು ಕೇಳಿದ್ದು ಪಾಸ್‌ಪೋರ್ಟ್! ಅವನಿಗೆ ಸಿಟ್ಟೂ ಬರಲಿಲ್ಲ. ಕೇಳಿಸಿಕೊಂಡು ರೂಢಿಯಾಗಿತ್ತೇನೋ.

ಒಳ್ಳೆಯದು ಮಾಡಹೊರಟವರೂ ಎಡವುತ್ತಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಆಫ್ರಿಕಾ ಮೂಲದವರು ಚೆನ್ನಾಗಿ ಓಡಬಲ್ಲರೆಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮೈಕಟ್ಟು ನೋಡಿದಷ್ಟು ಆ ಮಕ್ಕಳ ಮುಂದಿನ ಬದುಕನ್ನು ನೋಡಲಿಲ್ಲ.

ಇನ್ನು ಕಾಗದಪತ್ರದ ಸಂಗತಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿಯವರಿಗೆ ಅದು ದಕ್ಕಿದ್ದು 2020ರಲ್ಲಿ. ಹದಿನೇಳು ವರ್ಷ, ಅದೇ ಜನ, ಜಿಲ್ಲೆಯ ಗಡಿಯಾಚೆ ಇದ್ದರೆ ಸವಲತ್ತಿಲ್ಲ! ಸಮಾಜಕಾರ್ಯ ಓದುವವರು ಮೊದಲು ತಿಳಿಯಬೇಕಾದ್ದು ಇದನ್ನಲ್ಲವೇ?

ಅಮೆರಿಕದ ಪಾಠ ಬಿಡಿ ಅಂತ ನಾನನ್ನುವುದಿಲ್ಲ. ಅದರ ಜೊತೆಗೆ ಸಿದ್ದಿಗಳೇ ಬಂದು ಪಾಠ ಹೇಳಲಿ, ಅದಕ್ಕೆ ಸಂಭಾವನೆಯನ್ನೂ ಕೊಡಲಿ. ಸಿದ್ದಿ ಹೆಣ್ಣುಮಕ್ಕಳ ನಡುವೆ ದುಡಿದು 2023ರಲ್ಲಿ ಪದ್ಮಶ್ರೀ ಪಡೆದ ಜಂಬೂರಿನ ಹೀರಾಬಾಯಿ ಲೋಬಿಯವರಂಥವರಿಗಿಂತ ಒಳ್ಳೆಯ ಮೇಷ್ಟ್ರು ಬೇಕೇ? ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿ ತನ್ನ ವರದಿಯನ್ನು ಆ ಊರಿನವರ ಮುಂದೆ, ಅವರ ಭಾಷೆಯಲ್ಲೇ ಓದಲಿ. ಅವರು "ಹೌದು, ಇದು ನಮ್ಮ ಬದುಕೇ" ಅಂದ ಮೇಲೆ ಅಂಕ ಕೊಡಲಿ.

ಇಲ್ಲಿ ಯಾರಾದರೂ ನಮ್ಮನ್ನು "ಮದ್ರಾಸಿ" ಅಂದರೆ ಮೈ ಉರಿಯುತ್ತದೆ. ನಮಗಾದರೋ ಹೋಗಿ ಸೇರಲು ಊರೊಂದಿದೆ. ತನ್ನೂರಿನಲ್ಲೇ "ಯಾವ ದೇಶ?" ಅಂತ ಕೇಳಿಸಿಕೊಳ್ಳುವವನು ಎಲ್ಲಿಗೆ ಹೋಗಬೇಕು, ನೀವೇ ಹೇಳಿ.