ಸ್ಕ್ಯಾನಿಂಗ್ ಯಂತ್ರ ಹಾಸಿಗೆಯ ಬಳಿಗೆ ಬರಲಿ

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಬಂಡೀಪುರದ ಕಾಡಂಚಿನ ಊರು. ಇಲ್ಲಿ ರಾತ್ರಿ ಯಾರಿಗಾದರೂ ಮೇಲುಸಿರು ಬಂದರೆ ಮೊದಲು ಗುಂಡ್ಲುಪೇಟೆಗೆ ಓಡಬೇಕು. ಅಲ್ಲಿ ಆಗದಿದ್ದರೆ ಚಾಮರಾಜನಗರಕ್ಕೆ, ಇಲ್ಲವೇ ಇನ್ನೂ ಸುಮಾರು 60 ಕಿ.ಮೀ. ದೂರದ ಮೈಸೂರಿಗೆ. 2021ರ ಮೇ ತಿಂಗಳಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಪ್ರಾಣ ಬಿಟ್ಟದ್ದು ಇದೇ ಚಾಮರಾಜನಗರ ಜಿಲ್ಲೆಯಲ್ಲಿ. ಆದರೆ ಆಮ್ಲಜನಕವೊಂದಿದ್ದರೆ ಸಾಲದು, ಉಸಿರು ಯಾಕೆ ಕಟ್ಟಿದೆಯೆಂಬುದು ಮೊದಲ ಆಸ್ಪತ್ರೆಯಲ್ಲೇ ತಿಳಿಯಬೇಕು.

ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಮೂತ್ರ ಹೋಗಿಸುವ ಔಷಧ ಬೇಕು, ಉಬ್ಬಸದವರಿಗೆ ನೆಬುಲೈಸರ್, ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಗ್ಗಿದ್ದರೆ, ಆ ಗಾಳಿಯನ್ನೇ ಹೊರತೆಗೆಯಬೇಕಾಗಬಹುದು. ಹೃದ್ರೋಗಿಯ ಎದೆಯಲ್ಲೂ ಉಬ್ಬಸದಂಥ ಸೀಟಿ ಕೇಳುವುದರಿಂದ ಸ್ಟೆತಾಸ್ಕೋಪ್ ಒಂದನ್ನೇ ನಂಬಿದರೆ ದಾರಿ ತಪ್ಪಬಹುದು. ಮಲಗಿದರೆ ಉಸಿರೇ ನಿಲ್ಲುವಂತಾಗುವ ರೋಗಿಯನ್ನು ಎಕ್ಸ್‌ರೇ ಕೋಣೆಗೆ ಸಾಗಿಸುವುದೂ ಅಪಾಯ.

ಇಂಥಲ್ಲಿ ನೆರವಾಗುವುದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರ. ರೋಗಿ ಕೂತಲ್ಲೇ ಪಕ್ಕೆಲುಬುಗಳ ನಡುವೆ ಅದರ ಪ್ರೋಬ್ ಇಟ್ಟರೆ, ಆರೋಗ್ಯವಂತ ಶ್ವಾಸಕೋಶದ ಹೊದಿಕೆ ಉಸಿರಿನೊಂದಿಗೆ ಹಿಂದೆ ಮುಂದೆ ಜಾರುವುದು ಪರದೆಯಲ್ಲಿ ಕಾಣುತ್ತದೆ. ಅದರ ಕೆಳಗೆ ಅಡ್ಡಗೆರೆಗಳು. ನೀರು ತುಂಬಿದಲ್ಲಿ ಆ ಅಡ್ಡಗೆರೆಗಳನ್ನು ಅಳಿಸುತ್ತ ಬೆಳ್ಳಗಿನ ಉದ್ದಗೆರೆಗಳು ಕೆಳಕ್ಕಿಳಿಯುತ್ತವೆ. ಫ್ರಾನ್ಸಿನ ವೈದ್ಯ ಡೇನಿಯಲ್ ಲಿಕ್ಟನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕ್ರಮ ಶೇ. 90.5ರಷ್ಟು ಪ್ರಕರಣಗಳಲ್ಲಿ ಸರಿಯಾದ ಕಾರಣವನ್ನು ಹೇಳಿತು. ಹಾಗೆಂದು ಯಂತ್ರವೇ ತೀರ್ಪುಗಾರನಲ್ಲ. ನ್ಯುಮೋನಿಯಾದಲ್ಲೂ ಉದ್ದಗೆರೆಗಳು ಮೂಡುತ್ತವೆ. ಉಬ್ಬಸದಲ್ಲಿ ಚಿತ್ರ ಸಹಜವಾಗಿಯೇ ಇರಬಹುದು. ಕಂಡದ್ದನ್ನು ಇಸಿಜಿ ಮತ್ತು ರೋಗಿಯ ಪೂರ್ವಚರಿತ್ರೆಯ ಜೊತೆ ಕೂಡಿಸಿ ಓದಬಲ್ಲ ವೈದ್ಯರು ಬೇಕು.

ಈ ಯಂತ್ರ ಹಾಸಿಗೆಯ ಬಳಿಗೆ ಬರಲು ಅಡ್ಡಿಯಿರುವುದು ತಂತ್ರಜ್ಞಾನದಲ್ಲಲ್ಲ. ಭ್ರೂಣದ ಲಿಂಗವನ್ನೂ ಇದು ತೋರಿಸಬಲ್ಲದಾದ್ದರಿಂದ, ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಬಳಸುವವರಿಗೂ ಅರ್ಹತೆಯ ನಿಯಮಗಳಿವೆ. ಈ ಕಾಯ್ದೆ ಉಳಿಸಿದ ಜೀವಗಳ ಬೆಲೆ ದೊಡ್ಡದು; ಅದನ್ನು ಸಡಿಲಿಸಿ ಎಂದು ಯಾರೂ ಕೇಳಬಾರದು. ಆದರೆ ಅದರ ಭಯದಿಂದ ಯಂತ್ರ ಸ್ಕ್ಯಾನಿಂಗ್ ಕೋಣೆಯ ಬೀಗದೊಳಗೇ ಉಳಿಯುವುದೂ ನ್ಯಾಯವಲ್ಲ. ನೋಂದಾಯಿತ ಆಸ್ಪತ್ರೆಯೊಳಗೆ ತುರ್ತು ವೈದ್ಯರಿಗೆ ಎದೆ ಮತ್ತು ಹೃದಯಕ್ಕೆ ಸೀಮಿತವಾದ ತರಬೇತಿ ಮತ್ತು ಅನುಮತಿ, ಪ್ರತಿ ಬಳಕೆಗೂ ದಾಖಲೆ, ತಪ್ಪಿದವರಿಗೆ ಶಿಕ್ಷೆ: ಇಷ್ಟು ಕಟ್ಟುಪಾಡನ್ನು ಸರ್ಕಾರ ರೂಪಿಸಬಲ್ಲದು.

ತಜ್ಞರು ಸುಲಭವಾಗಿ ಸಿಗುವ ಮಹಾನಗರಕ್ಕಿಂತ ಈ ಸೌಲಭ್ಯ ಹೆಚ್ಚು ಬೇಕಾಗಿರುವುದು ಕಾಡಂಚಿನ ತಾಲ್ಲೂಕುಗಳಿಗೆ. ಆದ್ದರಿಂದ ತರಬೇತಿಯ ಮೊದಲ ಸರದಿಯೂ ಗುಂಡ್ಲುಪೇಟೆಯಂಥ ಆಸ್ಪತ್ರೆಗಳದ್ದೇ ಆಗಬೇಕು.